ಚೆಂದ ಅನ್ನಬಾರದ ಊರು

ಚನ್ನಪಟ್ಟಣ

ನಾನು ವಿಮಾನ ಏರುವ ಮೊದಲೇ ನನ್ನ ಫ್ಲೆಕ್ಸು ಲೈಟು ಕಂಬ ಏರಿತ್ತು. ಅದು ನನ್ನ ಮೈದುನ ಮಂಜನ ಕೆಲಸ. 'ಮಕ್ಕಳ ಸೇವೆಗಾಗಿ ವಿಯೆಟ್ನಾಂ ದೇಶಕ್ಕೆ ತೆರಳುತ್ತಿರುವ ಸವಿತಾ ಮೇಡಂ ಅವರಿಗೆ ಹಾರ್ದಿಕ ಶುಭಾಶಯಗಳು' ಎಂದು ಬರೆಸಿ, ಮೂಲೆಯಲ್ಲಿ ರೇಷನ್ ಕಾರ್ಡಿನ ಫೋಟೋದಷ್ಟು ನನ್ನ ಮುಖ ಹಾಕಿಸಿದ್ದ. ಉಳಿದ ಜಾಗದಲ್ಲೆಲ್ಲ ಶುಭ ಕೋರುವವರು: ಮಂಜ, ಮಂಜನ ಗೆಳೆಯರು, ಗೆಳೆಯರ ಕೂಲಿಂಗ್ ಗ್ಲಾಸುಗಳು. ಹಾಲಿಗೆ ಹೋದರೆ, ಸೊಪ್ಪಿಗೆ ಹೋದರೆ, ಎಲ್ಲರೂ 'ಯಾವಾಗ ಮೇಡಂ ಫ್ಲೈಟು' ಎಂದು ಕೇಳುವವರೇ.

ಚನ್ನಪಟ್ಟಣದ ಒಂದು ಶಾಲೆಯಲ್ಲಿ ಬಹಳ ವರ್ಷ ಎಲ್‌ಕೆಜಿ ಮಕ್ಕಳಿಗೆ ಅಕ್ಷರ ತಿದ್ದಿಸಿ, ಮೂಗು ಒರೆಸಿ, ಟಿಫನ್ ಬಾಕ್ಸಿನ ಮುಚ್ಚಳ ತೆಗೆದುಕೊಟ್ಟವಳು ನಾನು. ಕೆಲಸ ಬಿಟ್ಟ ಮೇಲೆ ಮನೆ ಖಾಲಿ ಹೊಡೆಯತೊಡಗಿತು. ಆಗ ಹಳೆಯ ಸಹೋದ್ಯೋಗಿಯೊಬ್ಬರು ಒಂದು ಸಂಸ್ಥೆಯ ಸುದ್ದಿ ತಂದರು. ವಿಯೆಟ್ನಾಮಿನ ಬೆಟ್ಟಸೀಮೆಯಲ್ಲಿ ರೇಷ್ಮೆ ಕಾರ್ಖಾನೆಗೆ ಹೋಗುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳಲು, ಅನುಭವ ಇರುವ ಸ್ವಯಂಸೇವಕಿ ಬೇಕು, ಮೂರು ತಿಂಗಳ ಮಟ್ಟಿಗೆ. ಮಕ್ಕಳು ಅಂದದ್ದಕ್ಕಿಂತ ರೇಷ್ಮೆ ಅಂದದ್ದು ನನ್ನನ್ನು ಎಳೆಯಿತು. ನನ್ನ ತವರು ಕನಕಪುರದ ಆಚೆ, ಕೋಡಿಹಳ್ಳಿ ಕಡೆ. ಹುಳು ಸಾಕುವ ಮನೆಯಲ್ಲಿ ಹುಟ್ಟಿದವಳು.

ಒಂದು ಷರತ್ತನ್ನು ಮಾತ್ರ ನಾನು ಬೀದಿಗೆ ತಿಳಿಸಿರಲಿಲ್ಲ. ಮೊದಲ ಎರಡು ವಾರ ಹೊಂದಿಕೊಳ್ಳುವ ಕಾಲ. ಮಕ್ಕಳೂ ಮಕ್ಕಳ ಮನೆಯವರೂ ಒಪ್ಪಿದರೆ ತರಗತಿ ನಿಮ್ಮದು. ಒಪ್ಪದಿದ್ದರೆ ಬೇರೆ ಕೆಲಸ, ಅದೂ ಬೇಡವಾದರೆ ವಾಪಸ್ಸು. ರಾತ್ರಿ ಊಟಕ್ಕೆ ಬಡಿಸುವಾಗ ಯಜಮಾನರನ್ನು ಕೇಳಿದೆ.

"ರೀ, ಅಕಸ್ಮಾತ್ ಮಕ್ಳು ನನ್ನ ಒಪ್ಪದೆ ಇದ್ರೆ?"

"ಒಪ್ಪದೆ ಇದ್ರೆ ಬಂದ್ಬುಡು. ಫ್ಲೆಕ್ಸ್ ಇಳ್ಸೋಗಂಟ ಬಿಡದೀಲಿ ನಮ್ಮಕ್ಕನ ಮನೇಲಿರೀವಂತೆ, ತಟ್ಟೆ ಇಡ್ಲಿ ತಿನ್ಕಂಡು" ಎಂದರು. ಅವರಿಗೆ ನಗು. ನಾನು ಸಾರು ಹಾಕಿದ್ದು ಮರೆತು ಮತ್ತೆ ಸಾರು ಹಾಕಿದೆ.

ಬಸ್ಸಿನ ಚಪ್ಪಲಿ

ಹೊ ಚಿ ಮಿನ್ಹ್ ನಗರದಿಂದ ಬೆಟ್ಟದ ಊರಿಗೆ ಮಲಗುವ ಬಸ್ಸು. ಹತ್ತುವಾಗಲೇ ಚಪ್ಪಲಿ ಬಿಚ್ಚಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಗೆ ಕೊಡುತ್ತಾರೆ. ನಡುದಾರಿಯಲ್ಲಿ ಟೀಗೆ ನಿಲ್ಲಿಸಿದಾಗ ಹಾಕಿಕೊಳ್ಳಲೆಂದು ಬಾಗಿಲ ಬಳಿ ಒಂದು ಕ್ರೇಟು ತುಂಬ ರಬ್ಬರ್ ಚಪ್ಪಲಿ ಇಟ್ಟಿರುತ್ತಾರೆ. ಎಲ್ಲರಿಗೂ ಸೇರಿದ್ದು, ಸಿಕ್ಕಿದ ಎರಡಕ್ಕೆ ಕಾಲು ತೂರಿಸಿ ಇಳಿಯುವುದು, ಬಂದು ಮತ್ತೆ ಅಲ್ಲೇ ಎಸೆಯುವುದು. ನಮ್ಮಲ್ಲಾದರೆ ಎರಡನೇ ಟ್ರಿಪ್ಪಿಗೆ ಕ್ರೇಟೂ ಉಳಿಯುತ್ತಿರಲಿಲ್ಲ ಎಂದು ನಗುತ್ತಾ ಮಲಗಿದೆ.

ನಾನು ಇಳಿಯುವ ಊರು ಬಂದಾಗ ನನಗೆ ಗಾಢ ನಿದ್ದೆ. ಕಂಡಕ್ಟರು ಅಲುಗಾಡಿಸಿ ಎಬ್ಬಿಸಿದ. ಗಾಬರಿಯಲ್ಲಿ ಬ್ಯಾಗು ಎಳೆದುಕೊಂಡು, ಕ್ರೇಟಿನಲ್ಲಿ ಕಾಲು ತೂರಿಸಿ ಇಳಿದೆ. ಬಸ್ಸು ಹೋದ ಮೇಲೆ ನೋಡಿಕೊಂಡರೆ ಒಂದು ಕಾಲಿಗೆ ನೀಲಿ, ಇನ್ನೊಂದಕ್ಕೆ ಕಂದು, ಎರಡೂ ಗಂಡಸರ ಅಳತೆ. ನಾನು ಹೊಸದಾಗಿ ಕೊಂಡಿದ್ದ ಚಪ್ಪಲಿ ಕವರಿನೊಳಗೆ ಬೆಚ್ಚಗೆ ಕೂತು ಮುಂದಿನ ಊರಿಗೆ ಪ್ರಯಾಣ ಬೆಳೆಸಿತ್ತು. ಸಂಸ್ಥೆಯಿಂದ ನನ್ನನ್ನು ಕರೆದೊಯ್ಯಲು ಸ್ಕೂಟರಿನಲ್ಲಿ ಬಂದ ಹುಡುಗಿಯ ಹೆಸರು ಲಾನ್. ಇಂಗ್ಲಿಷ್ ಬಲ್ಲವಳು, ಮುಂದೆ ನನ್ನ ಬಾಯಿ ಕಿವಿ ಎರಡೂ ಆದವಳು. ಅವಳು ಮೊದಲು ನೋಡಿದ್ದು ನನ್ನ ಕಾಲು. "ನಿಮ್ಮ ದೇಶದಲ್ಲಿ ಹೀಗೇ ಹಾಕುತ್ತಾರಾ?" ಎಂದು ಬಹಳ ಗೌರವದಿಂದ ಕೇಳಿದಳು.

ದಾರಿಯ ಎರಡೂ ಕಡೆ ಹಿಪ್ಪುನೇರಳೆ. ತಿರುವಿನಲ್ಲಿ ಗಾಳಿಯ ಜೊತೆ ಒಂದು ವಾಸನೆ ಬಂತು. ರೇಷ್ಮೆಗೂಡು ಬೇಯುವ ವಾಸನೆ, ಸಾಕ್ಷಾತ್ ರಾಮನಗರದ್ದೇ. ಊರಲ್ಲಿ ಗೂಡು ಬೇಯಿಸುವ ಬೀದಿ ದಾಟುವಾಗ ಸೆರಗು ಮೂಗಿಗೆ ಹೋಗುತ್ತಿತ್ತು. ಇಲ್ಲಿ ಎದೆ ತುಂಬ ಎಳೆದುಕೊಂಡೆ, ಕಣ್ಣು ಒದ್ದೆಯಾಯಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನದ ಊಟಕ್ಕೆ, ನಾವು ಕೋಳಿಗೆ ಹಾಕುವ ಆ ಗೂಡಿನೊಳಗಿನ ಹುಳುವನ್ನೇ ಮೆಣಸಿನಕಾಯಿ ಹಾಕಿ ಹುರಿದು, ಪ್ರೀತಿಯಿಂದ ನನ್ನ ಮುಂದಿಟ್ಟರು. ಮುದ್ದೆ ಜೊತೆ ಕೋಳಿ, ಕುರಿ ಎಲ್ಲ ತಿನ್ನುವವಳೇ ನಾನು. ಆದರೆ ಸಾಕಿದ ಹುಳುವನ್ನು ತಿನ್ನಲು ಕೈ ಬರಲಿಲ್ಲ. ಇವತ್ತು ಉಪವಾಸ ಅಂದೆ. ಮರುದಿನವೂ ಅದನ್ನೇ ಮಾಡಿದ್ದರು, ಮರುದಿನವೂ ಉಪವಾಸವಾಯಿತು.

ಮಕ್ಕಳ ಮನೆ

ಮಕ್ಕಳ ಮನೆ ಎಂದರೆ ಉದ್ದನೆಯ ಒಂದು ಹಾಲು, ಹಿಂದೆ ಅಡುಗೆಮನೆ, ಅದರ ಹಿಂದೆ ತರಕಾರಿ ತೋಟ. ಅಮ್ಮಂದಿರು ನಸುಕಿಗೇ ಕೆಲಸಕ್ಕೆ ಹೋಗುವುದರಿಂದ ಮಕ್ಕಳನ್ನು ಬಿಡುವುದು, ಕರೆದೊಯ್ಯುವುದು ಎಲ್ಲ ಅಜ್ಜಿಯರು. ಬೆಳಗ್ಗೆ ಬಾಗಿಲ ತುಂಬ ಅಜ್ಜಿಯರೇ. ಒಳಗೆ ಮೂರು ವರ್ಷದ ಮಕ್ಕಳು ತಾವೇ ತಿಂದು, ಬಟ್ಟಲು ತಾವೇ ತೊಳೆದು ಬೋರಲು ಹಾಕುತ್ತಿದ್ದವು. ಕೈತುತ್ತು ಕೊಟ್ಟು ಅಭ್ಯಾಸವಾದ ನನಗೆ ಎರಡು ಕೈ ಹೆಚ್ಚಾದ ಹಾಗೆ ಅನ್ನಿಸಿತು. ಊಟವಾದದ್ದೇ ಎಲ್ಲರೂ ಮಲಗುತ್ತಾರೆ. ಮಕ್ಕಳು, ಅಡುಗೆಯಾಕೆ, ಮುಖ್ಯಸ್ಥೆ, ಗೇಟಿನ ನಾಯಿ.

ಅಲ್ಲಿಯವರು ಯಾರನ್ನು ಕಂಡರೂ ಮೊದಲು ಕೇಳುವುದು ವಯಸ್ಸು. ಅದು ತಿಳಿಯದೆ ಅಕ್ಕ ಅನ್ನಬೇಕೋ ತಂಗಿ ಅನ್ನಬೇಕೋ ಅವರಿಗೆ ಬಾಯಿ ಬರುವುದಿಲ್ಲ. ನಮ್ಮ ಕಡೆ 'ಯಾವೂರು, ಯಾರ ಪೈಕಿ' ಎಂದು ಕೇಳುವ ಹಾಗೆ. ನಾನು ಒಂದೆರಡು ವರ್ಷ ಕಡಿಮೆ ಹೇಳಿದೆ. ಅಡುಗೆಯಾಕೆ ತಕ್ಷಣ ನನಗೆ ಅಕ್ಕನಾಗಿ ಈರುಳ್ಳಿ ಹೆಚ್ಚಲು ಹೇಳಿದಳು. ಮರುದಿನ ನಿಜವಾದ ವಯಸ್ಸು ಒಪ್ಪಿಕೊಂಡೆ. ಈರುಳ್ಳಿ ಮಾತ್ರ ತಪ್ಪಲಿಲ್ಲ.

ಮಕ್ಕಳು ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ನನ್ನ ಬಣ್ಣ, ಹಣೆಯ ಕುಂಕುಮ, ಸೀರೆ, ಯಾವುದೂ ಅವರು ಕಂಡದ್ದಲ್ಲ. ಕೋಳಿಯಂತೆ ಕೂಗಿದೆ, ಆನೆಯಂತೆ ನಡೆದೆ. ಒಬ್ಬ ಪರದೆಯ ಹಿಂದೆ ಅಡಗಿ ಅಳತೊಡಗಿದ. ಇಷ್ಟು ವರ್ಷ ಮಕ್ಕಳನ್ನೇ ಆಳಿದವಳು ನಾನು ಎಂಬ ನನ್ನ ಜಂಬವೆಲ್ಲ ಇಳಿದುಹೋಯಿತು. ಎರಡು ವಾರದಲ್ಲಿ ಅರ್ಧ ಹೀಗೇ ಕಳೆಯಿತು.

ಒಂದು ಮಧ್ಯಾಹ್ನ ಪುಟ್ಟ ಹುಡುಗಿಯೊಬ್ಬಳು ತಾನಾಗಿ ಬಂದು ನನ್ನ ಬಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಆಮೇಲೆ ಹೇಳದೆ ಕೇಳದೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ದುಂಡು ಕೆನ್ನೆ, ಹಣೆಗೆ ಬೀಳುವ ರೇಷ್ಮೆ ಕೂದಲು. ಅವಳ ನಿಜವಾದ ಹೆಸರು ನನ್ನ ನಾಲಿಗೆಗೆ ಬಗ್ಗಲಿಲ್ಲ. ಮನೆಯಲ್ಲಿ ಕರೆಯುವ ಹೆಸರು ಹೆಯೊ. ಹಾಗೆಂದರೆ ಹಂದಿ ಎಂದು ಲಾನ್ ಹೇಳಿದಾಗ, ಇಂಥ ಮುತ್ತಿನಂಥ ಮಗುವಿಗೆ ಯಾವ ಪುಣ್ಯಾತ್ಮ ಈ ಹೆಸರಿಟ್ಟ ಎಂದು ಸಿಟ್ಟೇ ಬಂತು. ಕಾಲು ಜೋಮು ಹಿಡಿದರೂ ಅವಳು ಏಳುವವರೆಗೆ ನಾನು ಅಲ್ಲಾಡಲಿಲ್ಲ. ಅಷ್ಟು ಸಂತೋಷವಾಗಿತ್ತು ನನಗೆ.

ಹೊರಡುವ ಮುಂಚೆ ನಮಗೆ ಕೊಟ್ಟ ತರಬೇತಿಯಲ್ಲಿ ಒಂದು ಮಾತು ಹೇಳಿದ್ದರು: ಮಕ್ಕಳನ್ನು ಮನಸಾರೆ ಹೊಗಳಿ, ಮನೆಯವರ ಎದುರಲ್ಲೇ ಹೊಗಳಿ. ಊರಲ್ಲಾಗಿದ್ದರೆ ನಾನು ಹಾಗೆ ಮಾಡುವವಳೇ ಅಲ್ಲ. ನನ್ನ ಎಲ್‌ಕೆಜಿಗೆ ಕೆನ್ನೆಯ ಮೇಲೆ ಕಾಡಿಗೆಯ ಬೊಟ್ಟಿಲ್ಲದೆ ಮಗು ಬರುತ್ತಿದ್ದದ್ದು ಅಪರೂಪ. ಆದರೆ ಅದೆಲ್ಲ ನಮ್ಮ ಹಳ್ಳಿಯ ಮೂಢನಂಬಿಕೆ, ಫಾರಿನ್ನಿನಲ್ಲಿ ಅದನ್ನು ಬಿಚ್ಚಿ ಕೂರಬಾರದು ಎಂದುಕೊಂಡೆ. ಫೋನಿನಲ್ಲಿ ಹುಡುಕಿ, ಅವರ ಭಾಷೆಯಲ್ಲಿ 'ಚೆಂದ' ಎನ್ನುವುದನ್ನು ಕಲಿತೆ. ಸಂಜೆ ಹೆಯೊಳ ಅಜ್ಜಿ ಬಂದಾಗ ಮಗುವಿನ ಕೆನ್ನೆ ಹಿಂಡಿ, ಬಾಗಿಲಲ್ಲಿದ್ದ ಅಷ್ಟೂ ಅಜ್ಜಿಯರಿಗೆ ಕೇಳುವ ಹಾಗೆ, ಚೆಂದ, ತುಂಬ ಚೆಂದ, ಎಲ್ಲರಿಗಿಂತ ಚೆಂದ ಎಂದೆ.

ಅಜ್ಜಿಯ ಮುಖದ ನಗು ಆರಿಹೋಯಿತು. ಮಗುವಿನ ಟೋಪಿಯನ್ನು ಮೂಗಿನವರೆಗೆ ಎಳೆದು, ಎತ್ತಿಕೊಂಡು, ತಿರುಗಿ ನೋಡದೆ ನಡೆದರು. ನಾನು ತಪ್ಪಾಗಿ ಉಚ್ಚರಿಸಿದೆನೇ ಎಂದು ಲಾನಳನ್ನು ಕೇಳಿದೆ.

"ಇಲ್ಲ. ಸರಿಯಾಗಿಯೇ ಹೇಳಿದಿರಿ. ಅದೇ ತೊಂದರೆ" ಎಂದಳು.

ಖಾಲಿ ಚಾಪೆ

ಮರುದಿನ ಹೆಯೊಳ ಚಾಪೆ ಖಾಲಿ. ರಾತ್ರಿಯೇ ಜ್ವರ ಬಂದಿತ್ತಂತೆ. ಆರೋಗ್ಯ ಕೇಂದ್ರದಲ್ಲಿ ಸಿರಪ್ ಕೊಟ್ಟಿದ್ದಾರೆ, ಗಾಬರಿಯಿಲ್ಲ ಎಂದು ಲಾನ್ ಹೇಳಿದಳು. ಆದರೆ ಗೇಟಿನ ಹತ್ತಿರ ಇನ್ನೊಬ್ಬ ಅಜ್ಜಿ ಹಳೆಯ ಪೇಪರಿಗೆ ಬೆಂಕಿ ಹಚ್ಚಿ, ಮೊಮ್ಮಗುವನ್ನು ಅದರ ಮೇಲಿಂದ ದಾಟಿಸುತ್ತಿದ್ದರು. ನನ್ನನ್ನು ಕಂಡದ್ದೇ ಮಗುವಿನ ಮುಖವನ್ನು ಸೆಳೆದು ಎದೆಗೆ ಒತ್ತಿಕೊಂಡರು.

"ಇಲ್ಲಿ ಯಾರೂ ಮಗುವನ್ನು ಚೆಂದ ಅನ್ನುವುದಿಲ್ಲ" ಎಂದು ಲಾನ್ ಬಿಡಿಸಿ ಹೇಳಿದಳು. "ಹೊಗಳಿದರೆ ಯಾವುದೋ ಗಾಳಿಯ ಕಿವಿಗೆ ಬಿದ್ದು ಅದು ಮಗುವನ್ನು ಕಾಡುತ್ತದೆ ಎಂಬ ಭಯ. ಅದಕ್ಕೇ ಅಜ್ಜಿಯರು, ಥೂ ಎಷ್ಟು ಕೆಟ್ಟದಾಗಿದೆ ಅನ್ನುತ್ತಾರೆ. ಪ್ರೀತಿ ಹೆಚ್ಚಾದಷ್ಟೂ ಬೈಗುಳ ಹೆಚ್ಚು. ಹೆಯೊ ಅಂದರೆ ಅವಳ ಅಜ್ಜಿಗೆ ಪ್ರಾಣ. ಹಂದಿ ಅಂತ ಹೆಸರಿಟ್ಟದ್ದೂ ಅದಕ್ಕೇ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನನ್ನ ತಾತನ ಹೆಸರು ತಿಪ್ಪೇಗೌಡ. ಅವರಿಗಿಂತ ಮುಂಚಿನ ಕೂಸುಗಳು ಉಳಿಯದೆ, ಇದಾದರೂ ಉಳಿಯಲಿ ಎಂದು ತಿಪ್ಪೆಯ ಮೇಲೆ ಮಲಗಿಸಿ ಎತ್ತಿ ತಂದು ಇಟ್ಟ ಹೆಸರು. ಜಗತ್ತಿನಲ್ಲಿ ಇನ್ಯಾರಿಗೆ ಗೊತ್ತಾಗದಿದ್ದರೂ ಹಂದಿ ಎಂಬ ಹೆಸರು ನನಗೆ ಅರ್ಥವಾಗಬೇಕಿತ್ತು. ಪುಣ್ಯಾತ್ಮ ಯಾರು ಎಂದು ಸಿಟ್ಟಾದ ನನ್ನನ್ನೇ ನಾನು ಬೈದುಕೊಂಡೆ.

ಆಮೇಲೆ ಇನ್ನೂ ಕೆಲವು ಚಾಪೆಗಳು ಖಾಲಿಯಾದವು. ಬಂದ ಮಕ್ಕಳನ್ನೂ ಅಜ್ಜಿಯರು ಹಾಲಿನ ಆ ತುದಿಗೇ ಕೂರಿಸಿ, ನನ್ನತ್ತ ಒಂದು ನೋಟ ಎಸೆದು ಹೋಗುತ್ತಿದ್ದರು. ವಾರದ ಕೊನೆಗೆ ಮುಖ್ಯಸ್ಥೆ ನನಗೆ ಟೀ ಕೊಟ್ಟು ಕೂರಿಸಿದರು. ಒಳ್ಳೆಯ ಹೆಂಗಸು, ದನಿ ಎತ್ತಿದವರಲ್ಲ. ಅಜ್ಜಿಯರು ಒಪ್ಪದೆ ಈ ಮನೆ ನಡೆಯದು, ಸೋಮವಾರದಿಂದ ನೀವು ತರಕಾರಿ ತೋಟ ನೋಡಿಕೊಳ್ಳಿ ಎಂದರು. ರೈತನ ಮಗಳಿಗೆ ತೋಟದ ಕೆಲಸ ಅವಮಾನವೇನಲ್ಲ. ಆದರೆ ನನ್ನ ತೊಡೆಯ ಮೇಲೆ ಮಲಗಿದ್ದ ಆ ತಲೆಯ ಭಾರ ಇನ್ನೂ ಹಾಗೇ ಇತ್ತು. ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ಅವ್ವನ ಫೋನು

ಕೋಡಿಹಳ್ಳಿಯಿಂದ ಅವ್ವ ಫೋನ್ ಮಾಡಿದಳು. ಉಂಡ್ಯಾ ಎಂದು ಕೇಳಿದ್ದಕ್ಕೆ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ.

"ನಿನ್ ಬುದ್ಧಿಗಿಷ್ಟು! ದುಂಡ್‌ದುಂಡಗಿರೋ ಕೂಸ್ನ ಮಕ ನೋಡ್ಕಂಡು ಚೆಂದಾಗೈತೆ ಚೆಂದಾಗೈತೆ ಅಂತ ನಾಕ್ ಜನದ್ ಮುಂದೆ ಅಂದ್ಬುಟ್ಟಾ?"

"ಇದು ಫಾರಿನ್ನಲ್ವಾ ಅಂತ..."

"ಫಾರಿನ್ ಆದ್ರೇನು, ಕೂಸು ಕೂಸಲ್ವಾ? ನಿಮ್ಮಪ್ಪ ಯಾವತ್ತಾರ ಹುಳ ಚೆನ್ನಾಗೆದ್ದವೆ ಅಂತ ಬಾಯ್ಬುಟ್ಟು ಅಂದಿದ್ರಾ? ಮನೆ ತುಂಬ ಗೂಡ್ ಕಟ್ಟಿದ್ರೂ ಕೇಳ್ದೋರ್ಗೆ 'ಏನೋ ಒಸಿ ಐತೆ, ಸುಮಾರು' ಅಂತಿದ್ರು. ಅದ್ನೆಲ್ಲ ಏರೋಪ್ಲೇನ್ ಹತ್ತೋವಾಗ ಇಳ್ಸಿ ಓದ್ಯಾ?"

"ಈಗೇನ್ಮಾಡ್ಲವ್ವಾ?"

"ಓಗಿ ಒಸಿ ಉಪ್ಪು, ಒಣ್ಮೆಣ್ಸಿನ್‌ಕಾಯಿ ತಕಂಡು ನೀವಾಳ್ಸು. ಕಣ್ಣಾಕ್ದೋರೇ ತೆಗುದ್ರೆ ಬಿರ್ನೆ ಓಯ್ತದೆ."

"ಡಾಕ್ಟ್ರು ಔಷಧಿ ಕೊಟ್ಟವ್ರೆ ಕಣವ್ವ."

"ಔಷ್ದಿ ಔಷ್ದಿ ಪಾಡ್ಗೆ, ದಿಷ್ಟಿ ದಿಷ್ಟಿ ಪಾಡ್ಗೆ. ಆ ಅಜ್ಜಿ ಹೊಟ್ಟೆ ಎಷ್ಟು ಉರೀತಾ ಐತೋ, ಮೊದ್ಲು ಓಗು" ಎಂದು ಫೋನಿಟ್ಟಳು.

ದೃಷ್ಟಿಯಲ್ಲಿ ನನಗೆ ಅಂಥ ನಂಬಿಕೆಯಿಲ್ಲ. ಆದರೆ ಅಜ್ಜಿಯ ಹೊಟ್ಟೆ ಉರಿಯುತ್ತಿದೆ ಎನ್ನುವುದು ಸುಳ್ಳಲ್ಲವಲ್ಲ. ಅಡುಗೆಯಾಕೆಯ ಹತ್ತಿರ ಉಪ್ಪು, ಮೆಣಸಿನಕಾಯಿ ಕೇಳಿ ಪೊಟ್ಟಣ ಕಟ್ಟಿಕೊಂಡೆ.

ಹುಳುವಿನ ಮನೆ

ಭಾನುವಾರ ಲಾನ್ ಸ್ಕೂಟರಿನಲ್ಲಿ ಕರೆದೊಯ್ದಳು. ಹಿಪ್ಪುನೇರಳೆ ತೋಟದ ನಡುವೆ ತಗಡಿನ ಮನೆ. ಅಜ್ಜಿ ಬಾಗಿಲಲ್ಲೇ ನಿಂತರು, ಒಳಗೆ ಬಾ ಎನ್ನಲಿಲ್ಲ. ಅವರ ಹಿಂದೆ ಕತ್ತಲಲ್ಲಿ ಸಾಲಾಗಿ ಬಿದಿರಿನ ತಟ್ಟೆಗಳು. ಹುಳು ಸಾಕಿದ್ದಾರೆ ಎಂದು ಗೊತ್ತಾದದ್ದೇ ನನ್ನ ಕಾಲು ಅಂಗಳದಲ್ಲೇ ನಿಂತಿತು. ಬೆಳಗ್ಗೆ ಕೈಗೆಲ್ಲ ಸೊಳ್ಳೆಯ ಮುಲಾಮು ಬಳಿದುಕೊಂಡಿದ್ದೆ. ಅದರ ಗಾಳಿ ಸೋಕಿದರೂ ಹುಳು ಉಳಿಯುವುದಿಲ್ಲ. ಅಂಗಳದ ನಲ್ಲಿಗೆ ಹೋಗಿ, ಮೊಣಕೈವರೆಗೆ ಸೋಪು ಹಚ್ಚಿ ಎರಡು ಸಲ ತೊಳೆದೆ, ಕಾಲೂ ತೊಳೆದೆ. ಯಾರೂ ಹೇಳಿರಲಿಲ್ಲ, ಅಭ್ಯಾಸಬಲ. ಅಜ್ಜಿ ನೋಡುತ್ತಲೇ ಇದ್ದರು.

ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಅದು ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ನಾನು ಮುಂಗೈ ಎತ್ತಿ, ಬೆರಳು ಬಾಗಿಸಿ, ಹಾಗೆ ಕೂತ ಹುಳುವಿನಂತೆ ತೋರಿಸಿ, ಎಷ್ಟನೆಯದು ಎಂದು ಕೈಸನ್ನೆ ಮಾಡಿದೆ. ಅಜ್ಜಿ ನಾಲ್ಕು ಬೆರಳು ತೋರಿಸಿದರು. ಕೊನೆಯ ಜ್ವರ.

ನಾನು ಬಂದ ಕಾರಣವನ್ನು ಲಾನ್ ಹೇಳಿದಳು. ನಾನು ಪೊಟ್ಟಣ ಬಿಚ್ಚಿ, ಅವಳು ಮೆಣಸಿನಕಾಯಿ, ಬೆಂಕಿ ಎನ್ನುತ್ತಿದ್ದಂತೆ ಅಜ್ಜಿ ಗಾಬರಿಯಿಂದ ತಟ್ಟೆಗಳ ಕಡೆ ಕೈ ಚಾಚಿದರು. ಘಾಟು ಹುಳುವಿಗೆ ಆಗದು. ಗೊತ್ತು ಎಂದು ನಾನು ತಲೆಯಾಡಿಸಿದೆ. ಅವ್ವ ಹುಳು ಜ್ವರದಿಂದ ಎದ್ದ ಕಾಲಕ್ಕೆ ಒಗ್ಗರಣೆಯನ್ನು ಕೂಡ ಹಿತ್ತಲಾಚೆ ಹಾಕುತ್ತಿದ್ದಳು. ಒಂದು ಹಿಡಿ ಮಣ್ಣು ಮೇಲಿಂದ ಉದುರಿಸಿ ಗಾಳಿ ಯಾವ ಕಡೆಗಿದೆ ನೋಡಿದೆ. ಮನೆಗೆ ಬೆನ್ನು ಹಾಕಿ ಗಾಳಿ ಹೋಗುವ ದಿಕ್ಕಿಗೇ ನಡೆದು, ತೋಟ ದಾಟಿ, ರಸ್ತೆಯಂಚಿನಲ್ಲಿ ಒಣಗಿದೆಲೆ ಗುಡ್ಡೆ ಹಾಕಿದೆ. ತಿರುಗಿ ನೋಡಿದರೆ ಅಜ್ಜಿ ಹೆಯೊಳನ್ನು ಸೊಂಟಕ್ಕೆ ಏರಿಸಿಕೊಂಡು ಬರುತ್ತಿದ್ದರು. ಮಗು ಸೊರಗಿತ್ತು, ಆದರೆ ಕೈಯಲ್ಲಿ ಬಾಳೆಹಣ್ಣು. ಸಿರಪ್ ಕೆಲಸ ಮಾಡಿತ್ತು.

ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ತಲೆಯಿಂದ ಕಾಲಿನವರೆಗೆ ನೀವಾಳಿಸಿದೆ. "ಊರ್ನೋರ್ ಕಣ್ಣು, ಕೇರಿನೋರ್ ಕಣ್ಣು, ಈ ಸವಿತನ್ ಕಣ್ಣು" ಎಂದು ಥೂ ಥೂ ಅಂದೆ. ಹೆಯೊಗೆ ಅದು ಬಹಳ ಇಷ್ಟವಾಗಿ ತಾನೂ ಥೂ ಥೂ ಎಂದು ಬಾಳೆಹಣ್ಣೆಲ್ಲ ನನ್ನ ಸೀರೆಗೆ ಉಗಿದಳು. ಬೆಂಕಿಗೆ ಹಾಕಿದೆ. ಉಪ್ಪು ಚಟಪಟ ಎಂದಿತು, ಘಾಟು ಮಾತ್ರ ಬರಲಿಲ್ಲ.

ಘಾಟು ಹೊಡೆದರೆ ದೃಷ್ಟಿ ಆಗಿರಲಿಲ್ಲ ಎಂದು, ಹೊಡೆಯದಿದ್ದರೆ ಆಗಿತ್ತು ಎಂದು ನಮ್ಮ ಲೆಕ್ಕ. ಬರಲಿಲ್ಲವಲ್ಲ, ಹಾಗೆಂದರೇನು ಎಂದು ಅಜ್ಜಿ ಕೇಳಿದರು. ಉತ್ತರ ನನ್ನೆದುರೇ ಇತ್ತು. ಗಾಳಿ ಆ ಕಡೆ ಬೀಸುತ್ತಿದೆ, ಘಾಟು ಈ ಕಡೆ ಬರುವುದು ಹೇಗೆ? ಅಷ್ಟು ಹೇಳಿದರೆ ನಾನು ನಿರ್ದೋಷಿ. ಅಜ್ಜಿಯ ಮುಖ ನೋಡಿದೆ. ಜ್ವರದ ಮಗುವಿನ ಪಕ್ಕ ನಿದ್ದೆಗೆಟ್ಟ ಕಣ್ಣು.

"ನನ್ನ ಕಣ್ಣೇ ತಾಗಿತ್ತು, ಈಗ ಹೋಯಿತು ಅಂತ ಹೇಳು" ಎಂದೆ.

"ಖಂಡಿತ ಹಾಗೇ ಹೇಳಲಾ? ನಾಳೆ ಎಲ್ಲರಿಗೂ ಗೊತ್ತಾಗುತ್ತದೆ" ಎಂದಳು ಲಾನ್.

"ಹಾಗೇ ಹೇಳು."

ಅಜ್ಜಿ ಕೇಳಿಸಿಕೊಂಡರು. ಬೂದಿಗೆ ಮಣ್ಣು ಎಳೆದು ಮುಚ್ಚಿದರು. ಮಗುವನ್ನು ಎತ್ತಿಕೊಂಡು ಮನೆಗೆ ಹೋದರು.

ಸೋಮವಾರ

ಬೆಳಗ್ಗೆ ಮಕ್ಕಳು ಬರುವ ಹೊತ್ತಿಗೆ ನಾನು ತೋಟದಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ಮೂಲಂಗಿ ಸಾಲಿನ ಕಳೆ ಕೀಳುತ್ತಿದ್ದೆ. ಇದೂ ಒಂದು ಕೆಲಸವೇ, ಮೂರು ತಿಂಗಳು ಮೂಲಂಗಿಯನ್ನೇ ಸಾಕೋಣ ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ. ಲಾನ್ ಓಡಿ ಬಂದು, ಬೇಗ ಬನ್ನಿ ಎಂದು ಕೈ ಹಿಡಿದೆಳೆದಳು.

ಬಾಗಿಲ ತುಂಬ ಅಜ್ಜಿಯರು. ನಡುವೆ ಹೆಯೊಳ ಅಜ್ಜಿ. ನನ್ನ ಕೈ ಮಣ್ಣಾಗಿದೆ ಎಂದು ಹಿಂಜರಿಯುವುದರೊಳಗೆ ಮಗುವನ್ನು ನನ್ನ ಕಂಕುಳಿಗೆ ಏರಿಸಿಬಿಟ್ಟರು. ಆಮೇಲೆ ನನ್ನ ಗಲ್ಲ ಹಿಡಿದು, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ನೋಡಿದರು. ಉಳಿದವರ ಕಡೆ ತಿರುಗಿ, ಗಟ್ಟಿ ದನಿಯಲ್ಲಿ ಏನೋ ಹೇಳಿದರು. ಎಲ್ಲ ಅಜ್ಜಿಯರೂ ಗೊಳ್ಳೆಂದು ನಕ್ಕರು. ಇನ್ನೊಬ್ಬರು ಅದಕ್ಕೆ ಮತ್ತೇನೋ ಸೇರಿಸಿದರು. ಲಾನ್ ಮಾತ್ರ ಕೆಂಪಾಗಿ ನೆಲ ನೋಡುತ್ತಿದ್ದಳು.

"ಏನಂದರು?"

"ಬೇಡ ಬಿಡಿ, ಮೇಡಂ."

"ಹೇಳು ತಾಯಿ."

"ಈ ಹೆಂಗಸು ಎಷ್ಟು ಕೆಟ್ಟದಾಗಿದ್ದಾಳೆ ನೋಡಿ, ಇಷ್ಟು ಕುರೂಪಿಯನ್ನು ನಾನು ಎಲ್ಲೂ ಕಂಡಿಲ್ಲ ಅಂದರು. ಆ ಇನ್ನೊಬ್ಬರು, ಕಪ್ಪೆಯ ಹಾಗಿದ್ದಾಳೆ ಅಂದರು."

ಅಳು ಬಂತು, ನಗುವೂ ಬಂತು. ಕಪ್ಪೆ ಎಂದ ಅಜ್ಜಿ, ಪರದೆಯ ಹಿಂದೆ ಅಡಗುತ್ತಿದ್ದ ತಮ್ಮ ಮೊಮ್ಮಗನನ್ನು ಮುಂದೆ ತಳ್ಳಿ ನನ್ನ ಸೀರೆಯ ಸೆರಗನ್ನು ಅವನ ಕೈಗೆ ಕೊಟ್ಟರು. ನಾನು ಕಂಕುಳಲ್ಲಿದ್ದ ಹೆಯೊಳ ಮುಖ ನೋಡಿದೆ. ಜ್ವರ ಬಿಟ್ಟು, ತೊಳೆದಿಟ್ಟ ಹಾಗಿದ್ದಳು.

"ಥೂ, ಏನೇ ಇಷ್ಟ್ ಕೆಟ್ಟದಾಗಿದ್ದೀಯೆ!" ಎಂದೆ ಕೋಡಿಹಳ್ಳಿಯ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಹಂದಿಮರಿ! ನಿನ್ ಮಕ ನೋಡಕಾಯ್ತದಾ?"

ಲಾನ್ ಬಾಯಿ ತೆರೆಯುವ ಮೊದಲೇ ಅಜ್ಜಿ, ಹೌದು ಹೌದು ಎಂದು ತಲೆಯಾಡಿಸಿದರು.